ಮಿಲ್ಲಜ್ಜಿಯ ‘ಚಾಲು’

“ಮೇಷ್ಟ್ರೇ, ನೀವು ಕೂಸಿಗೆ ಉಣ್ಣಿಸ್ತಿದ್ದೀರೋ, ಪರೀಕ್ಷೆ ತಗೊಳ್ತಿದ್ದೀರೋ?”

ಅವರು ನನ್ನೊಡನೆ ಆಡಿದ ಮೊದಲ ಮಾತು ಇದು. ಚಳ್ಳಕೆರೆಯಲ್ಲಿ ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದು ಇನ್ನೂ ಪಾತ್ರೆಗಳ ಗಂಟು ಬಿಚ್ಚಿರಲಿಲ್ಲ. ನನ್ನ ಎರಡೂವರೆ ವರ್ಷದ ಮಗ ಮೆಟ್ಟಿಲ ಮೇಲೆ ಕೂತು ಬಾಯಿ ಬಿಗಿದುಕೊಂಡಿದ್ದ. ನಾನು ಅವನಿಗಿಂತ ಎರಡು ಮೆಟ್ಟಿಲು ಮೇಲೆ ನಿಂತು, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಮೊಬೈಲು ಹಿಡಿದು, “ತಿಂತೀಯೋ ಇಲ್ಲವೋ” ಎಂದು ಗದರಿಸುತ್ತಿದ್ದೆ. ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಸಂಜೆಯ ಪಾಳಿ ಬಿದ್ದಾಗ ಈ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಪರಶುರಾಂಪುರದ ಕಡೆಯ ಹೈಸ್ಕೂಲಿನಲ್ಲಿ ದಿನವಿಡೀ ಕೂಗಿ, ಬಸ್ಸಿನಲ್ಲಿ ಜೋತುಬಿದ್ದು ಬಂದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಮನೆ ಒಡತಿಯ ಮಾತು ಕೇಳಿ ಮೈ ಉರಿಯಿತು. ಬಾಡಿಗೆ ಮನೆ, ಬಾಯಿ ಮುಚ್ಚಿಕೊಂಡೆ.

ಅವರು ಕೇಳದೆಯೇ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡರು. ಮೊಬೈಲನ್ನು ನನ್ನ ಜೇಬಿಗೆ ತುರುಕಿದರು. ಆಮೇಲೆ ಸೆರಗು ಸಿಕ್ಕಿಸಿ, ಮಗನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಅನ್ನ ಬೇಳೆಯ ಪುಟ್ಟ ಉಂಡೆ ಮಾಡಿ, ಎರಡು ಬೆರಳನ್ನು ಕಾಲಿನಂತೆ ಅವನ ಮೊಣಕಾಲ ಮೇಲೆ ನಡೆಸುತ್ತ, “ಹಮಾಲಣ್ಣ ಬಂದ, ಶೇಂಗಾ ಚೀಲ ಹೊತ್ಕೊಂಡು ಬಂದ. ಭಾರ ಐತಪ್ಪೋ, ಬಾಗ್ಲು ತೆಗೀರಿ! ಮಿಲ್ ಚಾಲೂ!” ಎಂದು ಕೂಗಿದರು. ಅವರ ಮನೆಯ ಹಿಂದೆಯೇ ಎಣ್ಣೆ ಮಿಲ್ಲು ಗುಡುಗುಡು ಅನ್ನುತ್ತಿತ್ತು. ಮಗ ಆ ಸದ್ದು ಕೇಳಿ, ಇವರ ಮುಖ ನೋಡಿ, ಬಾಯಿ ತೆರೆದೇಬಿಟ್ಟ. ಅಗಿಯುವಾಗ ಅವರೇ ‘ಡುರ್ರ್’ ಎಂದು ಮಿಷನ್ನಿನ ಸದ್ದು ಮಾಡಿದರು. ಮುಂದಿನ ತುತ್ತಿಗೆ ಅವನೇ ಕೂಗಿದ: “ಚಾಲೂ!”

ಹೋದ ತಿಂಗಳು ಅವರ ಶಿವಗಣಾರಾಧನೆಯ ಊಟಕ್ಕೆ ಹೋಗಿ ಬಂದೆ. ಮಗ ಈಗ ನನ್ನ ಎದೆಯೆತ್ತರ ಬೆಳೆದಿದ್ದಾನೆ. ಊಟದ ಎಲೆಯ ಮುಂದೆ ಕೂತು, “ಅಪ್ಪಾ, ಮಿಲ್ಲಜ್ಜಿ ಇದ್ದಿದ್ರೆ ಈ ಪಲ್ಯಕ್ಕೆ ಉಪ್ಪು ಹೆಚ್ಚಾಯ್ತು ಅಂತಿದ್ರು” ಎಂದ. ನಿಜ, ಅಂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಅಂತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಆ ಬೀದಿಯಲ್ಲಿ ಯಾರಿಗೂ ಗುರುತು ಹತ್ತದು. ದೊಡ್ಡವರಿಗೂ ಚಿಕ್ಕವರಿಗೂ ಅವರು ಮಿಲ್ಲಜ್ಜಿಯೇ. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಎಷ್ಟು ತೊಳೆದರೂ ಶೇಂಗಾ ಎಣ್ಣೆಯ ವಾಸನೆ ಬಿಡದ ಕೈ. ದಾವಣಗೆರೆ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ಹೋದ ಮೇಲೆ ಮಿಲ್ಲಿನ ವ್ಯವಹಾರ ಮಗ ನೋಡಿಕೊಳ್ಳುತ್ತಿದ್ದ, ಬಾಡಿಗೆಯವರನ್ನು ಇವರು ನೋಡಿಕೊಳ್ಳುತ್ತಿದ್ದರು. ನೀರಿನ ಮೋಟರು ಒಂದು ಗಳಿಗೆ ಹೆಚ್ಚು ಓಡಿದರೆ ಕೆಳಗಿನಿಂದ ಕೂಗು ಬರುತ್ತಿತ್ತು. ಮಗುವಿಗೆ ದಿನಕ್ಕೊಂದು ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದ್ದರು. ಮಿಲ್ಲಜ್ಜಿಯ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿಲ್ಲ. ನನ್ನ ಹೆಂಡತಿ ಕದ್ದು ಬೇಯಿಸುತ್ತಿದ್ದಳು. ಒಂದು ದಿನ ಅವರು ಮೆಟ್ಟಿಲ ಬುಡದಲ್ಲಿ ನಿಂತು, “ಮೇಲೆ ಆಲೂಗಡ್ಡೆ ಬೇಯ್ತೈತೆ ಅಂತ ಕಾಣ್ತೈತೆ, ಬಾಗ್ಲು ಹಾಕ್ಕೊಂಡು ಬೇಯಿಸ್ರವ್ವಾ” ಎಂದು ಹೇಳಿ ಹೋದರು. ಆಮೇಲೆ ಮೊಟ್ಟೆ ನಮ್ಮ ಮನೆಯಲ್ಲಿ ಆಲೂಗಡ್ಡೆಯೇ ಆಯಿತು.

ಬೀದಿಯ ಉಣ್ಣದ ಮಕ್ಕಳೆಲ್ಲ ಸಂಜೆ ಅವರ ಅಂಗಳಕ್ಕೆ ಬರುತ್ತಿದ್ದವು. ತಾಯಂದಿರು ಬಟ್ಟಲು ಹಿಡಿದು ಹಿಂದೆ ನಿಲ್ಲಬೇಕು, ಉಸಿರೆತ್ತುವಂತಿಲ್ಲ. “ಮಧ್ಯಾಹ್ನ ಏನು ತಿಂದೈತೆ?” ಎನ್ನುವುದು ಮೊದಲ ಪ್ರಶ್ನೆ. “ಒಂದೇ ಒಂದು ಬಿಸ್ಕತ್ತು ಪಾಕೀಟು ಅಜ್ಜಿ” ಎಂದರೆ ಮುಗಿಯಿತು. “ಹೊಟ್ಟೆ ತುಂಬಿಸ್ಕೊಂಡು ಬಂದಿರೋ ಕೂಸಿಗೆ ಅನ್ನ ಎಲ್ಲಿ ಹಾಕ್ಲಿ, ತಲೆ ಮ್ಯಾಲೆ ಹಾಕ್ಲಾ? ನಾಳೆ ಬಾ” ಎಂದು ಅಟ್ಟುತ್ತಿದ್ದರು. ಎರಡನೆಯದು, “ಬೆಳಿಗ್ಗೆ ಹಿಂಡಿ ಸರಿಯಾಗಿ ಬಿತ್ತಾ?” ಎಣ್ಣೆ ತೆಗೆದ ಮೇಲೆ ಮಿಲ್ಲಿನಿಂದ ಬೀಳುವುದು ಹಿಂಡಿ. ಮಗುವಿನ ವಿಷಯದಲ್ಲಿ ಅದೇನೆಂದು ಹೊಸ ಸೊಸೆಯರಿಗೂ ಬೇಗ ಅರ್ಥವಾಗುತ್ತಿತ್ತು.

ಅವರ ಅಡುಗೆಯಲ್ಲಿ ವಿಶೇಷವೇನೂ ಇರಲಿಲ್ಲ. ನವಣೆ ಅನ್ನ, ತೊಗರಿಬೇಳೆಯ ಕಟ್ಟು, ಹೆಸರುಕಾಳು, ಗೋಲಿಯಷ್ಟು ಪುಟ್ಟ ರಾಗಿಮುದ್ದೆ. ಹುರಿದ ಶೇಂಗಾ ಪುಡಿ ಮಾಡಿ ಎಲ್ಲದರ ಮೇಲೂ ಉದುರಿಸುವುದು. ನುಗ್ಗೆಸೊಪ್ಪನ್ನು ಮಾತ್ರ ಎಂದೂ ಬಚ್ಚಿಡುತ್ತಿರಲಿಲ್ಲ. ಬೇರೆ ತಾಯಂದಿರು ಸೊಪ್ಪನ್ನು ಅರೆದು ಅನ್ನದಲ್ಲಿ ಮುಚ್ಚಿ ಕೊಟ್ಟರೆ ಅವರಿಗೆ ಸಿಟ್ಟು. “ಕೂಸಿಗೆ ಮೋಸ ಮಾಡಿ ತಿನ್ನಿಸ್ತೀಯಾ? ನಾಳೆ ನಿನ್ ಕೈ ನಂಬ್ತೈತೇನು? ಕಣ್ಣಿಗೆ ಕಾಣಂಗೆ ಇಡು. ಮುಟ್ಲಿ, ಹಿಸುಕ್ಲಿ, ಬಿಸಾಕ್ಲಿ” ಎನ್ನುತ್ತಿದ್ದರು. ಮಕ್ಕಳು ಹಿಸುಕಿದ್ದನ್ನು ಕಾಗೆಗಳು ತಿನ್ನುತ್ತಿದ್ದವು. ಅಂಗಳ ಗುಡಿಸುವವಳು ಗೊಣಗುತ್ತಿದ್ದಳು. ಇಷ್ಟು ಹೇಳುವ ಅವರೇ, ಮಗು ಮುಖ ತಿರುಗಿಸಿದ ಮೇಲೂ ಬಟ್ಟಲು ಬರಿದಾಗುವ ತನಕ ಬಿಡುತ್ತಿರಲಿಲ್ಲ. “ಇನ್ನೊಂದು ಚೀಲ ಐತೆ, ಹಮಾಲಣ್ಣ ಕಾಯ್ತಾನೆ” ಎಂದು ಹಾಡುತ್ತಾ ಕೊನೆಯ ಅಗುಳನ್ನೂ ಒಳಗೆ ಕಳಿಸುತ್ತಿದ್ದರು. ತಾಯಂದಿರಿಗೆ ಬೇಕಾಗಿದ್ದೂ ಅದೇ.

ಅವರಿಗೊಂದು ಹಟವಿತ್ತು. ಚಳ್ಳಕೆರೆಯಲ್ಲಿ ಇಷ್ಟು ವರ್ಷ ಬಾಳಿದರೂ ತೆಲುಗು ಕಲಿಯಲಿಲ್ಲ. ಅಲ್ಲಿ ಮಂಡಿಯ ಹಮಾಲರಿಂದ ಹಿಡಿದು ಆಟೋದವರ ತನಕ ಎರಡೂ ಭಾಷೆ ಬರುತ್ತದೆ. ಮಿಲ್ಲಜ್ಜಿ ಮಾತ್ರ, “ಅವರಿಗೆ ನನ್ನ ಮಾತು ತಿಳಿತೈತಲ್ಲ, ಸಾಕು” ಎಂದು ಕೂತಿದ್ದರು. ನಾನು ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಗೆ ಅಂಟಿದ ಹಳ್ಳಿಯವನು. ಶಾಲೆಯಲ್ಲಿ ಕಲಿಸುವುದು ಕನ್ನಡ, ಅವ್ವನ ಜೊತೆ ಫೋನಿನಲ್ಲಿ ಆಡುವುದು ತೆಲುಗು. ಅದನ್ನು ಕೇಳಿಸಿಕೊಂಡು, “ನಿಮಗೆ ಎರಡು ನಾಲಿಗೆ ಕಣ್ರೀ ಮೇಷ್ಟ್ರೇ, ಬಾಡಿಗೆ ಒಪ್ಪಂದ ಯಾವ ನಾಲಿಗೆಯಿಂದ ಮಾಡಿದ್ರಿ?” ಎಂದು ಅಣಕಿಸುತ್ತಿದ್ದರು. ಪ್ರತಿ ಸಲವೂ ಅದೇ ಜೋಕು. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತಿತ್ತು.

ಊರಿನ ಮಕ್ಕಳಿಗೆಲ್ಲ ಉಣ್ಣಿಸುವ ಅಜ್ಜಿಗೆ ಒಬ್ಬಳೇ ಮೊಮ್ಮಗಳು. ಆ ಮಗು ಇದ್ದುದು ಮೊಳಕಾಲ್ಮೂರಿನಲ್ಲಿ, ತಾಯಿಯ ತವರಲ್ಲಿ. ಸೊಸೆ ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಬಾಣಂತನಕ್ಕೆಂದು ಹೋದವಳು ಕೆಲಸದ ಅನುಕೂಲಕ್ಕೆ ಅಲ್ಲೇ ಉಳಿದಳು, ಮಗ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. ಮಿಲ್ಲಜ್ಜಿ ಹಬ್ಬಕ್ಕೊಮ್ಮೆ ಮೊಮ್ಮಗಳನ್ನು ನೋಡಿ ಬಂದು, ಮರುದಿನ ಬೇರೆಯವರ ಮಕ್ಕಳಿಗೆ ಉಣ್ಣಿಸುತ್ತಾ ಸುಮ್ಮನೆ ಕೂತುಬಿಡುತ್ತಿದ್ದರು. ಹಮಾಲಣ್ಣ ಅರ್ಧ ದಾರಿಯಲ್ಲೇ ನಿಲ್ಲುತ್ತಿದ್ದ. “ನನ್ ಕೂಸು ಯಾವ ಕೈಯಾಗೆ ಉಣ್ತೈತೋ ಏನೋ” ಎಂದು ಒಮ್ಮೆ ನನ್ನ ಹೆಂಡತಿಯ ಹತ್ತಿರ ಅತ್ತಿದ್ದರಂತೆ.

ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಸೊಸೆಗೆ ಚಳ್ಳಕೆರೆಗೇ ವರ್ಗವಾಯಿತು. ಮಿಲ್ಲಜ್ಜಿ ಹೊಸ ಬೆಳ್ಳಿ ಬಟ್ಟಲು ತಂದರು. ತಾಯಿ ಕಾಲೇಜಿಗೆ ಹೋದಾಗ ಮಧ್ಯಾಹ್ನದ ಊಟ ಅಜ್ಜಿಯದು ಎಂದು ನಿರ್ಧಾರವಾಯಿತು. ಮೊದಲ ದಿನ ಸಂಜೆ ನಾನು ಗೇಟು ತೆರೆಯುತ್ತಿದ್ದಂತೆ ಓಡಿ ಬಂದರು.

“ಮೇಷ್ಟ್ರೇ, ಮಿಲ್ಲಿನ ಮನೆ ರಕ್ತ ನೋಡ್ರಿ! ನಾನು ಹೇಳೇ ಕೊಟ್ಟಿಲ್ಲ, ನಾಲ್ಕು ತುತ್ತು ಉಂಡಿದ್ದೇ ತಡ, ತಾನಾಗೇ ‘ಚಾಲು, ಚಾಲು’ ಅಂತೈತೆ!”

“ಭಲೇ” ಎಂದೆ. ನನ್ನ ಮಗನೂ ಹಾಗೇ ಕೂಗುತ್ತಿದ್ದವನಲ್ಲವೇ? ಅದರಲ್ಲಿ ಬೇರೇನಾದರೂ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಒಂದು ವಾರದಲ್ಲಿ ಎಲ್ಲ ಕೆಟ್ಟಿತು. ಮಗು ಉಂಡದ್ದನ್ನು ಕಕ್ಕತೊಡಗಿತು. ಬೆಳ್ಳಿ ಬಟ್ಟಲು ಕಂಡರೆ ಬಾಗಿಲ ಹಿಂದೆ ಅಡಗುತ್ತಿತ್ತು. ಆಮೇಲಾಮೇಲೆ ಅಜ್ಜಿಯನ್ನು ಕಂಡರೇ ಕಿರುಚಿ ತಾಯಿಯ ಕೊರಳು ತಬ್ಬುತ್ತಿತ್ತು. ಮಿಲ್ಲಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಹಲ್ಲು ಬರುತ್ತಿದೆ ಎಂದರು. ಕೊನೆಗೆ ಬೀಗಿತ್ತಿಯ ಮೇಲೆ ಹೊರಿಸಿದರು: “ಆ ಮೊಳಕಾಲ್ಮೂರಿನಾಕೆ ಬಿಸ್ಕತ್ತು ತಿನ್ನಿಸಿ ಕೂಸಿನ ನಾಲಿಗೆ ಕೆಡಿಸಿ ಕಳಿಸ್ಯಾಳೆ.” ಬೀದಿಯ ತಾಯಂದಿರು ಹೌದೌದು ಎಂದು ತಲೆಯಾಡಿಸಿ, ಗೇಟಿನಾಚೆ ಹೋಗಿ ಬೇರೆ ಮಾತಾಡುತ್ತಿದ್ದರು. ಊರಿಗೆಲ್ಲ ಉಣ್ಣಿಸುವವರ ಮನೆಯಲ್ಲೇ ಕೂಸು ಸೊರಗುತ್ತಿದೆ ಎನ್ನುವುದು ಮಾತಾಡಲು ಒಳ್ಳೆಯ ವಿಷಯ.

ಸೊಸೆ ಜಗಳ ಮಾಡುವವಳಲ್ಲ. ಒಂದು ಭಾನುವಾರ ಬೆಳಿಗ್ಗೆ ಮಗುವಿನ ಬಟ್ಟೆ ಮಡಿಸತೊಡಗಿದಳು. “ಉಣ್ಣದಿರೋ ಕೂಸನ್ನ ಇಲ್ಲಿ ಬಿಟ್ಟು ನಾನು ಏನು ಪಾಠ ಮಾಡ್ಲಿ ಅತ್ತೆ? ಸ್ವಲ್ಪ ದೊಡ್ಡೋಳಾಗ್ಲಿ, ಅಲ್ಲಿವರೆಗೆ ಅವ್ವನ ಹತ್ರಾನೇ ಇರ್ಲಿ” ಎಂದಳು. ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದಾಯಿತು.

ಮಿಲ್ಲಜ್ಜಿ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದು, ಕೊನೆಯ ಸಲ ಎನ್ನುವಂತೆ ಬಟ್ಟಲು ಹಿಡಿದು ಕೂತರು. ನಾನು ಮೆಟ್ಟಿಲ ಮೇಲೆ ಪೇಪರು ಓದುತ್ತಿದ್ದೆ. ಹಮಾಲಣ್ಣ ನಡೆದ, ಚೀಲ ಬಂತು. ಅಂದು ಅವರ ದನಿ ನಡುಗುತ್ತಿದ್ದುದಕ್ಕೋ ಏನೋ ಮಗು ಅಳದೆ ಮೂರು ತುತ್ತು ತಿಂದಿತು. ಆಮೇಲೆ ಎರಡೂ ಕೈಯಿಂದ ಬಟ್ಟಲು ಮುಚ್ಚಿ, “ಚಾಲು” ಎಂದಿತು.

“ಚಾಲು! ನನ್ ಬಂಗಾರ, ಮಿಲ್ ಚಾಲೂ!” ಎಂದು ಮಿಲ್ಲಜ್ಜಿ ಆ ಪುಟ್ಟ ಕೈಗಳನ್ನು ಸರಿಸಿ ಮತ್ತೊಂದು ತುತ್ತು ಬಾಯಿಗೆ ಒತ್ತಿದರು.

“ಚಾಲೂ!” ಮಗು ಅಳುತ್ತಾ ಕೂಗಿತು.

ನನ್ನ ಕೈಯಿಂದ ಪೇಪರು ಜಾರಿತು. ನಮ್ಮ ಅವ್ವನ ಅಡುಗೆಮನೆಯಲ್ಲಿ ನಾನೇ ಎಷ್ಟು ಸಲ ಹಾಗೆ ತಟ್ಟೆಗೆ ಕೈ ಅಡ್ಡ ಹಿಡಿದು ಕೂಗಿದ್ದೇನೆ!

“ಅಮ್ಮಾ, ನಿಲ್ಲಿಸ್ರೀ! ಆ ಕೂಸು ಸಾಕು ಅಂತಿದೆ.”

“ಏನ್ ಸಾಕು? ಚಾಲು ಅಂತ ಬಾಯಿಬಿಟ್ಟು ಹೇಳ್ತೈತೆ, ಕಿವಿ ಕೇಳ್ಸಲ್ಲೇನು ನಿಮಗೆ?”

“ತೆಲುಗಿನಲ್ಲಿ ಚಾಲು ಅಂದ್ರೆ ಸಾಕು ಅಂತ ಅರ್ಥ ಕಣ್ರೀ. ಅದು ಮೊಳಕಾಲ್ಮೂರಿನಲ್ಲಿ ಕಲಿತ ಮಾತು.”

ಅವರು ನನ್ನನ್ನು ನಂಬಲಿಲ್ಲ. ಸೊಸೆಯನ್ನು ಕೂಗಿದರು. ಅವಳು ಮಡಿಸಿದ ಲಂಗ ಕೈಯಲ್ಲೇ ಹಿಡಿದು ಬಂದು, “ಹೌದು ಅತ್ತೆ, ನಮ್ಮನೇಲಿ ಎಲ್ರೂ ಹಂಗೇ ಅನ್ನೋದು. ಯಾಕೆ?” ಎಂದಳು. ಅರೆಕ್ಷಣದಲ್ಲಿ ಅವಳಿಗೂ ಹೊಳೆದು, ಲಂಗದಿಂದ ಬಾಯಿ ಮುಚ್ಚಿಕೊಂಡಳು.

“ಅಂದ್ರೆ… ಕೂಸು ಸಾಕು ಸಾಕು ಅಂದಂಗೆಲ್ಲ ನಾನು ತುರುಕಿದ್ನಾ?”

ಎಂಜಲು ಕೈ ಒಣಗಿಸಬಾರದು, ಮನೆಗೆ ಒಳ್ಳೆಯದಲ್ಲ ಎಂದು ಬೀದಿಯ ಹೆಂಗಸರಿಗೆಲ್ಲ ಗದರುತ್ತಿದ್ದವರು ಅವರೇ. ಅಂದು ಅನ್ನ ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಒಣಗಿ ಬಿರಿಯುವ ತನಕ ಅಲ್ಲೇ ಕೂತಿದ್ದರು. ಸೊಸೆ ಹೊರಡುವುದನ್ನು ನಿಲ್ಲಿಸಬಹುದಿತ್ತು. ಆದರೆ ಮಗು ಅಜ್ಜಿಯ ನೆರಳಿಗೂ ಬೆಚ್ಚುತ್ತಿತ್ತು. ಬಸ್ಸು ಹೊರಟುಹೋಯಿತು. ಅಂಗಳದ ಸಂಜೆಯ ಊಟವೂ ನಿಂತಿತು. ಬಟ್ಟಲು ಹಿಡಿದು ಬಂದವರಿಗೆ, “ನಿಮ್ ನಿಮ್ ಕೂಸಿಗೆ ನೀವೇ ಉಣ್ಣಿಸ್ಕೊಳ್ರಿ” ಎಂದು ಬಾಗಿಲು ಹಾಕಿಕೊಂಡರು.

ಕೆಲವು ದಿನ ಬಿಟ್ಟು ನಾನು ಊರಿಗೆ ಹೊರಟಿದ್ದೆ. ಮೊಳಕಾಲ್ಮೂರಿನ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಮಿಲ್ಲಜ್ಜಿ! ತೊಡೆಯ ಮೇಲೆ ಸ್ಟೀಲು ಕ್ಯಾರಿಯರ್ರು, ಪಕ್ಕದಲ್ಲಿ ಬಟ್ಟೆಯ ಚೀಲ. ಕರೆಯದೆ ಬೀಗರ ಮನೆಗೆ ಹೋಗಿ ಉಳಿಯುವುದೆಂದರೆ ಗಂಡಿನ ಕಡೆಯವರಿಗೆ ಸಣ್ಣ ಮಾತಲ್ಲ. ಅದರಲ್ಲೂ ಬಿಸ್ಕತ್ತು ತಿನ್ನಿಸಿ ಕೆಡಿಸಿದಳು ಎಂದು ತಾವೇ ಬೈದ ಬೀಗಿತ್ತಿಯ ಮನೆಗೆ. ನಾನು ಅದನ್ನೆಲ್ಲ ಕೇಳಲಿಲ್ಲ. ಬಿ.ಜಿ. ಕೆರೆಯಲ್ಲಿ ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಅವರೇ ಹಿಂದೆ ತಿರುಗಿದರು.

“ಮೇಷ್ಟ್ರೇ, ಹಸಿವಾಗೈತಾ ಅನ್ನೋಕೆ ನಿಮ್ ಮಾತಿನಾಗೆ ಏನಂತಾರೆ?”

“ಆಕಲೈತಾ ಉಂದಾ ಅಂತೀವಿ. ಕೂಸಿಗೆ ಬರೀ ಆಕಲಾ ಅಂದ್ರೂ ತಿಳಿಯುತ್ತೆ.”

“ಆಕಳಾ? ದನ ಅಂದಂಗಾತಲ್ರೀ!”

“ಳ ಅಲ್ಲ, ಲ. ಆಕಲಾ.”

“ಆಕಲಾ, ಆಕಲಾ” ಎಂದು ಹೇಳಿಕೊಳ್ಳುತ್ತಾ ಕಿಟಕಿಯ ಕಡೆ ತಿರುಗಿದರು. ಕಂಡಕ್ಟರು ಚಿಲ್ಲರೆ ಕೊಡಲು ಬಂದಾಗಲೂ ತುಟಿ ಅಲುಗುತ್ತಲೇ ಇತ್ತು. ಎರಡು ನಾಲಿಗೆಯ ಜೋಕು ಹೊಡೆಯಲು ನನಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಹೊಡೆಯಲು ಮನಸ್ಸಾಗಲಿಲ್ಲ.

ಅಲ್ಲಿ ನಡೆದದ್ದನ್ನು ಸೊಸೆ ಆಮೇಲೆ ನಮಗೆ ಹೇಳಿದಳು. ಅತ್ತೆ ಕ್ಯಾರಿಯರ್ರು ಬಿಚ್ಚಿದರು, ಮಗುವಿಗೆ ಏನೂ ಕೊಡಲಿಲ್ಲ. ಪಡಸಾಲೆಯಲ್ಲಿ ನೆಲದ ಮೇಲೆ ಕೂತು ತಾವೇ ಉಂಡರು. ಮಗು ದೂರದಿಂದ ನೋಡಿತು. ಸಂಜೆಗೆ ಹಾಗೇ, ಮರುದಿನವೂ ಹಾಗೇ. ನಡುನಡುವೆ, ಯಾರ ಕಡೆಯೂ ನೋಡದೆ, “ಆಕಳಾ?” ಎನ್ನುತ್ತಿದ್ದರು. ‘ಲ’ ಅವರ ಬಾಯಲ್ಲಿ ಕೊನೆಗೂ ನಿಲ್ಲಲಿಲ್ಲ. ಮಗುವಿಗೆ ನಗು ಬಂತು. ಬೀಗಿತ್ತಿಗೂ ಬಂತು. ಅವರು ಎಲೆ ಅಡಿಕೆ ತಟ್ಟೆ ಮುಂದಿಟ್ಟು, “ಲ ಅನ್ರೀ ಅಕ್ಕಾ, ಲ” ಎಂದು ತಿದ್ದತೊಡಗಿದರಂತೆ. ಮೂರನೇ ದಿನವೋ ನಾಲ್ಕನೇ ದಿನವೋ ಮಗು ಹತ್ತಿರ ಬಂದು, ಅಜ್ಜಿಯ ತಟ್ಟೆಗೆ ತಾನೇ ಕೈ ಹಾಕಿ, ನುಗ್ಗೆಸೊಪ್ಪಿನ ಪಲ್ಯ ಹಿಡಿದು ಬಾಯಿಗಿಟ್ಟುಕೊಂಡಿತು. ಎರಡು ಸಲ ತಿಂದು, “ಚಾಲು” ಎಂದಿತು. ಮಿಲ್ಲಜ್ಜಿ ಆ ಕ್ಷಣವೇ ತಟ್ಟೆ ಎತ್ತಿ ಪಕ್ಕಕ್ಕಿಟ್ಟರು. ಮಗು ತಟ್ಟೆ ನೋಡಿತು, ಅಜ್ಜಿಯ ಮುಖ ನೋಡಿತು. ನಂಬಿಕೆ ಬಾರದೆ ಇನ್ನೊಂದು ಸಲ ಹೇಳಿ ನೋಡಿತಂತೆ: “ಚಾಲು?” “ಚಾಲು ಕಣವ್ವಾ, ಚಾಲು” ಎಂದು ಮಿಲ್ಲಜ್ಜಿ ಅತ್ತುಬಿಟ್ಟರು.

ಮೊಮ್ಮಗಳೊಂದಿಗೆ ಚಳ್ಳಕೆರೆಗೆ ಮರಳಿದ ಮೇಲೆ ಅಂಗಳ ಮತ್ತೆ ತೆರೆಯಿತು. ಕೂಗು ಮಾತ್ರ ಬದಲಾಗಿತ್ತು. ಈಗ ‘ಮಿಲ್ ಶುರೂ!’ ಹಳೆಯದು ಬಾಯಿಗೆ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಮಗು ಮುಖ ತಿರುಗಿಸಿದರೆ, ಬಾಯಿ ಮುಚ್ಚಿದರೆ, ಕೈ ಅಡ್ಡ ತಂದರೆ ಬಟ್ಟಲು ಎದ್ದುಹೋಗುತ್ತಿತ್ತು. “ಅಯ್ಯೋ ಅಜ್ಜಿ, ಇನ್ನೊಂದೇ ಒಂದು ತುತ್ತು” ಎಂದು ತಾಯಂದಿರು ಗೋಗರೆದರೆ, “ಅಷ್ಟು ಆಸೆ ಇದ್ರೆ ನಿನ್ ಬಾಯಿಗೆ ಹಾಕ್ಕೋ” ಎನ್ನುತ್ತಿದ್ದರು. ಕೆಲವರು ಬರುವುದನ್ನೇ ಬಿಟ್ಟರು. ಬಟ್ಟಲು ಖಾಲಿ ಮಾಡಿಸದ ಮಿಲ್ಲಜ್ಜಿ ಅವರಿಗೆ ಬೇಕಿರಲಿಲ್ಲ. ಉಳಿದ ಮಕ್ಕಳು ಕಡಿಮೆ ಉಂಡವು, ಮರುದಿನ ಓಡಿ ಬಂದವು. ಮೊಮ್ಮಗಳು ನವಣೆ ಅನ್ನಕ್ಕೆ ಶೇಂಗಾ ಪುಡಿ ತಾನೇ ಉದುರಿಸಿಕೊಂಡು, ಮೈಗೆಲ್ಲ ಮೆತ್ತಿಕೊಂಡು ಉಣ್ಣುತ್ತಿದ್ದಳು. ತೆಲುಗನ್ನು ಅವರು ಆ ಒಂದೆರಡು ಪದಕ್ಕಿಂತ ಮುಂದೆ ಕಲಿಯಲಿಲ್ಲ. ನನ್ನ ಎರಡು ನಾಲಿಗೆಯ ಜೋಕನ್ನೂ ಬಿಡಲಿಲ್ಲ.

ನಾವು ಅದೇ ಊರಲ್ಲಿ ಬೇರೆ ಮನೆಗೆ ಹೋದೆವು. ಈ ವರ್ಷ ಅವರಿಗೆ ಲಕ್ವಾ ಹೊಡೆಯಿತೆಂದು ತಿಳಿದು ಒಂದು ಮಧ್ಯಾಹ್ನ ನೋಡಲು ಹೋದೆ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ಹೆಚ್ಚು ಕಡಿಮೆ ನಿಂತಿತ್ತು. ದಾವಣಗೆರೆಯಿಂದ ಬಂದಿದ್ದ ಅವರ ತಂಗಿ ಮಂಚದ ಪಕ್ಕ ಕೂತು ಚಮಚದಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದರು. ಮೂಲೆಯಲ್ಲಿ ಮೊಮ್ಮಗಳು ಹೋಂವರ್ಕ್ ಬರೆಯುತ್ತಿದ್ದಳು. ಈಗ ಮೂರನೇ ಕ್ಲಾಸು. ಮಿಲ್ಲಜ್ಜಿ ನನ್ನನ್ನು ನೋಡಿದರು, ಗುರುತು ಹಿಡಿದರು ಅನ್ನಿಸಿತು. ಎಂದಿನ ಜೋಕು ಬರಬಹುದೆಂದು ಕಾದೆ. ಬರಲಿಲ್ಲ. ಅದು ಬೇಕಾಗಿತ್ತು ಅನ್ನಿಸಿ ನನಗೇ ಆಶ್ಚರ್ಯವಾಯಿತು.

“ಇನ್ನೊಂದು ಚಮಚ ಅಕ್ಕಾ, ತ್ರಾಣ ಬರ್ತೈತೆ” ಎಂದರು ತಂಗಿ. ಗಂಜಿ ಬಾಯಿಯ ಅಂಚಿನಿಂದ ಇಳಿಯುತ್ತಿತ್ತು.

ಮಿಲ್ಲಜ್ಜಿ ಕಷ್ಟಪಟ್ಟು ತುಟಿ ಕೂಡಿಸಿದರು. “ಚಾಲು” ಎಂದರು.

ತಂಗಿಯ ಮುಖ ಅರಳಿತು. “ನೋಡ್ರಿ, ಚಾಲು ಅಂತಾಳೆ! ನಡೀಲಿ, ಇನ್ನೂ ಹಾಕು ಅಂತಾಳೆ!” ಎಂದು ಚಮಚ ತುಂಬಿಸಿಕೊಂಡರು. ನಾನು ತಡೆಯಲು ಮಂಚದ ಕಡೆ ಒಂದು ಹೆಜ್ಜೆ ಇಟ್ಟೆ.

ಮೊಮ್ಮಗಳು ಪೆನ್ಸಿಲು ಕೆಳಗಿಟ್ಟು ಎದ್ದು ಬಂದಳು. ಬಟ್ಟಲಿನ ಮೇಲೆ ಎರಡೂ ಕೈ ಮುಚ್ಚಿದಳು.

“ಚಿಕ್ಕಜ್ಜಿ, ಅಜ್ಜಿ ಸಾಕು ಅಂದಿದ್ದು.”

ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಒದ್ದೆ ಬಟ್ಟೆ ತಂದು ಅಜ್ಜಿಯ ಬಾಯಿ ಒರೆಸಿದಳು. ಮಿಲ್ಲಜ್ಜಿ ಕಣ್ಣು ಮುಚ್ಚಿಕೊಂಡರು. ಅವಳು ಮತ್ತೆ ಮೂಲೆಗೆ ಹೋಗಿ ಹೋಂವರ್ಕ್ ಮುಂದುವರಿಸಿದಳು.